ನೂರನೆಯ ಹೆಜ್ಜೆಯ ಕಲ್ಲು

"ಗುರುಗಳೇ, ಎಷ್ಟು ಮಾತಿದ್ದರೆ ಒಂದು ಬಿರುಗಾಳಿಯನ್ನು ಪೂರ್ತಿ ಹೇಳಿದ ಹಾಗಾಗುತ್ತದೆ?" ಎಂದು ಸೋಮಲಿಂಗ ಕೇಳಿದ.

ಕೇಳುವಾಗ ಶಿಷ್ಯನ ಕೈಯಲ್ಲಿ ಓಲೆಗಳ ಕಟ್ಟು ಇತ್ತು. ಮೂರು ದಿನದಿಂದ ಅವನು ಬಿರುಗಾಳಿಯ ವರ್ಣನೆ ಬರೆಯುತ್ತಿದ್ದ. ಭೋರ್ಗರೆವ ಗಾಳಿ, ಕಿವಿ ಹರಿಯುವ ಗಾಳಿ, ಮರ ಮುರಿವ ಗಾಳಿ, ಹುಚ್ಚೆದ್ದ ಗಾಳಿ, ಊಳಿಡುವ ಗಾಳಿ, ಹೀಗೆ ನಲವತ್ತೆರಡು ವಿಶೇಷಣಗಳನ್ನು ಕೂಡಿಸಿದ್ದ. ಮಠದ ಹೊರಗೆ ನಿಜವಾದ ಗಾಳಿಯೇ ಬೀಸುತ್ತಿತ್ತು. ಓಲೆಗಳು ಹಾರಿಹೋಗುತ್ತವೆ ಎಂದು ಅವನು ಬೆಳಿಗ್ಗೆಯೇ ಕಿಟಕಿ ಮುಚ್ಚಿ ಅಗುಳಿ ಹಾಕಿದ್ದ. ಸಡಿಲವಾದ ಕದ ಚೌಕಟ್ಟಿಗೆ ಟಪಟಪನೆ ಬಡಿದುಕೊಳ್ಳುತ್ತಿತ್ತು.

ಗುರುಗಳು ಕಿಟಕಿಯನ್ನು ನೋಡಿದರು, ಓಲೆಗಳನ್ನು ನೋಡಿದರು.

"ಬರೀ ನಲವತ್ತೆರಡೇ? ನಿನಗಿಂತ ಹೆಚ್ಚು ಕೂಡಿಸಿದವನೊಬ್ಬ ಇದ್ದ. ಕಂಟ ಕೆಳಗಿಡು. ಇದು ಬರೆದುಕೊಳ್ಳುವ ಕತೆಯಲ್ಲ."

ಸೋಮಲಿಂಗ ಓಲೆ ಕೊರೆಯುವ ಕಂಟವನ್ನು ಕೆಳಗಿಟ್ಟ. ಗುರುಗಳು ಹೇಳತೊಡಗಿದರು.

ಎರಡು ನಾಡುಗಳ ನಡುವೆ ಒಂದು ಬೋಳುಗುಡ್ಡ. ಮರವಿಲ್ಲ, ಪೊದೆಯಿಲ್ಲ. ಅದರ ನೆತ್ತಿಯ ಮೇಲೆ ಅರ್ಧ ಹರದಾರಿ ಉದ್ದದ ದಾರಿ. ಅಗಲ ಎಂದರೆ ಒಂದು ಹೇರೆತ್ತು ನಡೆಯುವಷ್ಟು. ಎಡಕ್ಕೂ ಕಮರಿ, ಬಲಕ್ಕೂ ಕಮರಿ. ಜನ ಅದನ್ನು ಬೆನ್ನುದಾರಿ ಎನ್ನುತ್ತಿದ್ದರು. ಎತ್ತುಗಳ ಮೇಲೆ ಉಪ್ಪು, ಬೆಲ್ಲ ಹೇರಿಕೊಂಡು ವರ್ತಕರು ಆಚೆ ನಾಡಿಗೆ ಹೋಗಬೇಕಾದರೆ ಬೇರೆ ದಾರಿ ಇರಲಿಲ್ಲ.

ಆಷಾಢ ಬಂತೆಂದರೆ ಅಲ್ಲಿ ಪಡುವಣ ಗಾಳಿ ಏಳುತ್ತದೆ. ನೆಟ್ಟಗೆ ನಿಂತವನನ್ನು ಎತ್ತಿ ಒಗೆಯುತ್ತದೆ. ಅದಕ್ಕೇ ಜನ ಗೋಡೆಗೆ ಒರಗಿದ ಹಾಗೆ ಗಾಳಿಗೆ ಒರಗಿಕೊಂಡು ನಡೆಯುತ್ತಾರೆ. ಎತ್ತುಗಳೂ ಮೈಯನ್ನು ಪಡುವಣಕ್ಕೆ ವಾಲಿಸಿಕೊಂಡೇ ಹೆಜ್ಜೆ ಇಡುತ್ತವೆ. ಹೀಗೆ ಒರಗಿದವರನ್ನು ಗಾಳಿ ಹಿಡಿದು ನಿಲ್ಲಿಸುತ್ತದೆ. ಎಲ್ಲಿಯ ತನಕ? ಬೀಸುವ ತನಕ.

ತಿಳಿಯಿತಲ್ಲ? ಬೀಸುವ ಗಾಳಿ ಆ ದಾರಿಯಲ್ಲಿ ಯಾರನ್ನೂ ಕೊಂದಿಲ್ಲ. ಕೊಂದದ್ದೆಲ್ಲ ನಿಲ್ಲುವ ಗಾಳಿ. ಕೆಲವು ದಿನ ಅದು ಬೀಸುತ್ತ ಬೀಸುತ್ತ ಇದ್ದಕ್ಕಿದ್ದಂತೆ ಉಸಿರು ಹಿಡಿಯುತ್ತದೆ. ಒಂದರಿಂದ ಒಂಬತ್ತು ಎಣಿಸುವಷ್ಟು ಹೊತ್ತು, ಅಷ್ಟೇ. ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಬೀಸುತ್ತದೆ. ಅಷ್ಟರಲ್ಲಿ ಒರಗಿದವರು ದಾರಿಯ ಮೇಲೆ ಇರುವುದಿಲ್ಲ.

ದಾರಿ ಶುರುವಾಗುವಲ್ಲಿ ಒಂದು ಕಲ್ಲಿನ ಗುಡಿಸಲು. ಆಷಾಢ ಹುಟ್ಟಿದಲ್ಲಿಂದ ಗಾಳಿ ತಗ್ಗುವ ತನಕ ಅದರಲ್ಲಿ ಗಾಳಿ ನೋಡುವವನೊಬ್ಬ ಇರಬೇಕೆಂದು ಹಿಂದಿನವರು ಕಟ್ಟಳೆ ಮಾಡಿದ್ದರು. ಅವನ ಕೆಲಸ ಇಷ್ಟು. ಬೆಳಗಾಗುತ್ತಲೇ ಉಡಿಯಲ್ಲಿ ಒಲೆಯ ಬೂದಿ ಕಟ್ಟಿಕೊಂಡು ಬೆನ್ನುದಾರಿಯ ಮೇಲೆ ನೂರು ಹೆಜ್ಜೆ ಹೋಗಬೇಕು. ನೂರನೆಯ ಹೆಜ್ಜೆಗೆ ಒಂದು ಕಲ್ಲು ನೆಟ್ಟಿದೆ. ಅದನ್ನು ತಬ್ಬಿ ಕೂತು, ಮುಷ್ಟಿ ಸಡಿಲಿಸಿ, ಬೂದಿಯನ್ನು ಸಣ್ಣಗೆ ಸುರಿಯುತ್ತಲೇ ಇರಬೇಕು. ಉಡಿ ಬರಿದಾಗುವ ತನಕ ಬೂದಿ ಅಡ್ಡಕ್ಕೆ ಹಾರಿಕೊಂಡೇ ಹೋದರೆ ಸರಿ. ಒಂದೇ ಒಂದು ಸಲ ಅದು ನೆಟ್ಟಗೆ ಕಾಲಬುಡಕ್ಕೆ ಬಿತ್ತೋ, ಅವತ್ತು ದಾರಿ ಮುಚ್ಚಿತು. ಉಸಿರು ಹಿಡಿಯುವ ದಿನ ಗಾಳಿ ಬೆಳಗಿನಿಂದಲೇ ಆ ಕಲ್ಲಿನ ಹತ್ತಿರ ಒಂದೊಂದು ಚಣ ತಡವರಿಸುತ್ತದೆ, ಗುಡಿಸಲಿನಲ್ಲಿ ಅದು ತಿಳಿಯುವುದಿಲ್ಲ. ಕೊನೆಯ ಚಿಟಿಕೆ ಬೂದಿಯನ್ನು ಆ ಕಲ್ಲಿನ ಮೂಡಣ ಮೈಯಲ್ಲಿ ಕೊರೆದ ಪುಟ್ಟ ಗೂಡಿನಲ್ಲಿ ಇಟ್ಟು ಬರಬೇಕು. ಬಂದು ನೋಡಿ ಹೋಗಿದ್ದೇನೆ ಎಂಬುದಕ್ಕೆ ಅದೇ ಗುರುತು. ಪಡುವಣಕ್ಕೆ ಮುಖ ಒಡ್ಡಿ ನಡೆಯುವವರು ಆ ಗೂಡನ್ನು ನೋಡುವುದು ಅಪರೂಪ. ನೋಡಲಿ ಬಿಡಲಿ, ಇಡಬೇಕು.

ಹಳೆಯ ಮುದುಕನೊಬ್ಬ ನಲವತ್ತು ವರ್ಷ ಆ ಕೆಲಸ ಮಾಡಿದ. ಅವನ ಬಾಯಲ್ಲಿ ಎರಡೇ ಮಾತು. "ಹೋಗಿ." ಇಲ್ಲವೆ, "ಕೂತಿರಿ." ಮೂರನೆಯದನ್ನು ಯಾರೂ ಕೇಳಿಲ್ಲ.

ಅವನು ಸತ್ತ ಮೇಲೆ ಬಂದವನು ದ್ಯಾಮಣ್ಣ. ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಮಗಳು ತಂಗೆವ್ವನನ್ನು ಅವನು ಆ ಗುಡಿಸಲಿನಲ್ಲೇ ಬೆಳೆಸಿದ. ಮಗಳೆಂದರೆ ಅವನಿಗೆ ಜೀವ. ಬೆಳಿಗ್ಗೆ ಅವನು ಬೂದಿ ಕಟ್ಟಿಕೊಂಡು ಹೊರಟರೆ ಅವಳು ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು ಹಿಂದೆಯೇ ಹೋಗುತ್ತಿದ್ದಳು, ಒಂದು, ಎರಡು, ಮೂರು ಎಂದು ಕಿರುಚಿ ಎಣಿಸುತ್ತ. ನೂರು ಎಂದಾಗ ಕಲ್ಲಿಗೆ ಕೈ ಹೊಡೆಯುವಳು. ಗೂಡಿನಲ್ಲಿ ಬೂದಿ ಇಡುವ ಹಕ್ಕು ಅವಳದೇ. ಮದುವೆಯಾಗಿ ಬೆನ್ನುದಾರಿಯ ಆಚೆ ಊರಿಗೆ ಅವಳು ಹೋದ ದಿನ ದ್ಯಾಮಣ್ಣ ಒಬ್ಬನೇ ನೂರು ಎಣಿಸಿ ಬಂದು ಗುಡಿಸಲಿನ ಮೂಲೆಯಲ್ಲಿ ಕೂತು ಅತ್ತ.

ಮಾತು ಶುರುವಾದದ್ದು ಅದಾದ ಮೇಲೆ. ಒಂಟಿ ಮನುಷ್ಯ ನೋಡು, ಬಾಯಿಗೆ ಏನಾದರೂ ಬೇಕಲ್ಲ.

ಒಂದು ಬೆಳಿಗ್ಗೆ ಬೆಲ್ಲದ ವರ್ತಕನೊಬ್ಬ ಸುಮ್ಮನಿರಲಾರದೆ, "ಗಾಳಿ ಹೇಗಿದೆ ದ್ಯಾಮಣ್ಣ?" ಎಂದು ಕೇಳಿದ. ದ್ಯಾಮಣ್ಣ, "ಹೋಗಿ. ಮಗು ಇಲ್ಲದ ತೊಟ್ಟಿಲು ತೂಗುವ ಗಾಳಿ ಇವತ್ತಿನದು," ಎಂದುಬಿಟ್ಟ. ವರ್ತಕನಿಗೆ ಮೈ ಜುಮ್ಮೆಂದಿತು. ಆಚೆ ಊರಿಗೆ ಹೋಗಿ ಸಂತೆಯಲ್ಲಿ ಅದನ್ನೇ ನಾಲ್ಕು ಕಡೆ ಹೇಳಿದ. ಮರಳಿ ಬರುವಾಗ ಒಂದು ಅಚ್ಚು ಬೆಲ್ಲ ದ್ಯಾಮಣ್ಣನ ಕೈಗಿಟ್ಟು, "ನೀ ಹೇಳಿದ ಹಾಗೇ ಇತ್ತಪ್ಪಾ! ದಾರಿಯುದ್ದಕ್ಕೂ ಖಾಲಿ ತೊಟ್ಟಿಲು ಕಿರುಗುಟ್ಟಿದ್ದು ನನ್ನ ಕಿವಿಗೇ ಕೇಳಿಸಿತು," ಎಂದ.

ಹೊಗಳಿ ಅಟ್ಟಕ್ಕೇರಿಸುವುದು ಎಂದರೆ ಇದೇ. ಮರುದಿನದ ಗಾಳಿ ಹಲ್ಲಿಲ್ಲದ ಗಾಳಿಯಾಯಿತು. ಅದರ ಮರುದಿನ ಹೆಸರು ಹಿಡಿದು ಕರೆಯುವ ಗಾಳಿ. ಆಮೇಲೆ ಬರಿಗಾಲಲ್ಲಿ ಬೆನ್ನಹಿಂದೆ ಬರುವ ಗಾಳಿ, ಸತ್ತವರ ಬಟ್ಟೆ ಉಟ್ಟ ಗಾಳಿ, ಮನೆ ತಪ್ಪಿದ ಗಾಳಿ, ಅಳು ಮರೆತ ಗಾಳಿ. ದಾಟಿ ಹೋದವರೆಲ್ಲ ಮರಳಿ ಬಂದು, "ನೀ ಹೇಳಿದ ಹಾಗೇ ಇತ್ತು," ಎನ್ನುವವರೇ. ಇರದೆ ಏನು? ಅವರು ಕಿವಿಯಲ್ಲಿ ಅವನ ಮಾತು ಇಟ್ಟುಕೊಂಡು ನಡೆದಿದ್ದರು. ಗಾಳಿಯನ್ನು ಅವರು ಕೇಳಿಸಿಕೊಂಡಿದ್ದರೆ ತಾನೆ?

"ಗುರುಗಳೇ, ಸತ್ತವರ ಬಟ್ಟೆ ಉಟ್ಟ ಗಾಳಿ!" ಎಂದು ಸೋಮಲಿಂಗ ತಡೆಯಲಾರದೆ ನಡುವೆ ಬಾಯಿ ಹಾಕಿದ. ಅವನ ಕೈ ತಾನಾಗಿ ಕಂಟದ ಕಡೆ ಸರಿದಿತ್ತು. ಕಿಟಕಿಯ ಕದ ಬಡಿದುಕೊಳ್ಳುತ್ತಲೇ ಇತ್ತು.

"ಕೈ ಹಿಂದಕ್ಕೆ ತಗೋ," ಎಂದರು ಗುರುಗಳು. "ಅವನಿಗೂ ಹಾಗೇ ಕೈ ತುರಿಸುತ್ತಿತ್ತು."

ಈಗ ಒಂದು ತೊಡಕು ಬಂತು. ಕಲ್ಲಿನ ಹತ್ತಿರ ಕೂತರೆ ದ್ಯಾಮಣ್ಣನಿಗೆ ಮಾತು ಹೊಳೆಯುತ್ತಿರಲಿಲ್ಲ. ಕಣ್ಣಿಗೆ ಬೂದಿ, ಬಾಯಿಗೆ ಧೂಳು, ಕಿವಿಯಲ್ಲಿ ಬರೀ ಹೊಡೆತ. ಅಲ್ಲಿ ಗಾಳಿ ಗಾಳಿಯಾಗಿತ್ತು, ಅಷ್ಟೇ. ಅದೇ ಗುಡಿಸಲಿನ ಒಳಗೆ ಬೆಚ್ಚಗೆ ಕೂತರೆ, ಬಾಗಿಲಿಗೆ ಕಟ್ಟಿದ ಗೋಣಿತಾಟು ಉಬ್ಬುವುದನ್ನು ನೋಡುತ್ತಿದ್ದರೆ, ಕಲ್ಲುಸಂದಿಯಲ್ಲಿ ಗಾಳಿ ಸಿಳ್ಳೆ ಹಾಕುವುದನ್ನು ಕೇಳುತ್ತಿದ್ದರೆ, ಒಂದರ ಹಿಂದೆ ಒಂದು ಮಾತು ಬರುತ್ತಿತ್ತು.

ಮೊದಲು ಅವನು ಐವತ್ತನೆಯ ಹೆಜ್ಜೆಗೆ ಹಿಂತಿರುಗಿದ. ಅಲ್ಲಿಂದಲೇ ಬೂದಿ ಹಾರಿಸಿದ. ಏನೂ ಆಗಲಿಲ್ಲ. ಆಮೇಲೆ ಇಪ್ಪತ್ತು. ಆಮೇಲೆ ಹತ್ತು. ಮುಂದಿನ ವರ್ಷದ ಆಷಾಢದಲ್ಲಿ ಅವನು ಹೊಸ್ತಿಲಿನ ಮೇಲೆ ನಿಂತು ಒಂದು ಹಿಡಿ ಬೂದಿ ಒಗೆದು ಒಳಗೆ ಬರುತ್ತಿದ್ದ. ಕೊನೆಗೆ ಅದೂ ನಿಂತಿತು. ಗಾಳಿ ಎಂದಿನ ಹಾಗೆ ಬೀಸುತ್ತಿತ್ತು, ಜನ ದಾಟುತ್ತಿದ್ದರು, ಮಾತು ಮಾತ್ರ ದಿನಕ್ಕೊಂದು ಹೊಸದು. ಬೆನ್ನುದಾರಿ ದಾಟುವ ಕೆಲಸ ಇಲ್ಲದವರೂ ಕೆಳಗಿನ ಊರಿಂದ ಗುಡ್ಡ ಹತ್ತಿ ಬಂದು ಕೇಳಿಕೊಂಡು ಹೋಗತೊಡಗಿದರು.

ಆ ವರ್ಷ ತಂಗೆವ್ವ ಆಷಾಢಕ್ಕೆಂದು ತವರಿಗೆ ಬಂದಿದ್ದಳು. ಕೆಳಗಿನ ಊರಿನಲ್ಲಿ ಅಜ್ಜಿಯ ಜೊತೆ ಇದ್ದಳು. ಶ್ರಾವಣ ಹುಟ್ಟಿತು, ಗಂಡನ ಮನೆಗೆ ಹೊರಡಬೇಕು. ಆದರೆ ಗಾಳಿ ಇನ್ನೂ ತಗ್ಗಿರಲಿಲ್ಲ. ಬೆಲ್ಲದ ವರ್ತಕ ಹನ್ನೊಂದು ಎತ್ತು, ಆರು ಆಳುಗಳ ಜೊತೆ ಅವತ್ತು ದಾಟುವವನಿದ್ದ. ಅಜ್ಜಿ ಮೊಮ್ಮಗಳಿಗೆ ಉಡಿ ತುಂಬಿ ಆ ತಂಡದ ಜೊತೆ ಕಳಿಸಿಕೊಟ್ಟಳು.

ಅವರು ಗುಡಿಸಲಿಗೆ ಬಂದಾಗ ಬಿಸಿಲು ಏರಿತ್ತು. ದ್ಯಾಮಣ್ಣ ಒಳಗೆ ಕಣ್ಣು ಮುಚ್ಚಿ ಕೂತಿದ್ದ. ಅವತ್ತು ಅವನಿಗೆ ಒಂದು ಮಾತು ಹೊಳೆದಿತ್ತು. ಈ ತನಕ ಹೊಳೆದವೆಲ್ಲ ಅದರ ಮುಂದೆ ಸಪ್ಪೆ. ಮಗಳ ದನಿ ಕೇಳಿ ಅವನ ಎದೆ ತುಂಬಿ ಬಂತು. ಅವಳ ಮುಂದೆ ಆ ಮಾತು ಹೇಳಬೇಕು, ಅವಳು ಕೇಳಿ ಹಿಗ್ಗಬೇಕು, ಇದೊಂದೇ ಆಸೆ. ಒಂದು ಗಳಿಗೆ ಬೂದಿಯ ಕಡೆ ನೋಡಿದ್ದುಂಟು. ಮಗಳು ಹೋಗುವ ದಾರಿ, ಇವತ್ತಾದರೂ ನೋಡಿ ಬರಲೇ ಎಂದುಕೊಂಡ. ಹೊರಗೆ ಹೋದರೆ ಗಾಳಿಯ ಹೊಡೆತಕ್ಕೆ ಮಾತು ಮರೆತು ಹೋದೀತು ಎಂದು ಹೆದರಿಕೆಯಾಯಿತು. ಇಷ್ಟು ದಿನ ಆಗದ್ದು ಇವತ್ತೇ ಆಗುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡು ಬಾಗಿಲಿಗೆ ಬಂದು ನಿಂತ.

"ಹೋಗಿ," ಎಂದ. "ಇವತ್ತಿನದು ತೋಳು ಚಾಚಿದ ಗಾಳಿ. ಒರಗಿದವರನ್ನು ಕೈಬಿಡುವುದಿಲ್ಲ."

ವರ್ತಕ ಆಹಾ ಎಂದ. ಆಳುಗಳು ಅದನ್ನೇ ಬಾಯಲ್ಲಿ ಆಡಿಸುತ್ತ ಎತ್ತುಗಳನ್ನು ಸಾಲಿಗೆ ಬಿಟ್ಟರು. ತಂಗೆವ್ವ ಮಾತ್ರ ಅಪ್ಪನ ಮುಖವನ್ನೇ ನೋಡಿದಳು. ಅವನ ರೆಪ್ಪೆಯ ಮೇಲೆ ಬೂದಿ ಇರಲಿಲ್ಲ.

"ಅಪ್ಪಾ, ಕಲ್ಲಿನ ತನಕ ಹೋಗಿ ಬಂದೆಯಾ?"

"ಬಂದೆ ನನ್ನವ್ವ. ನಿಶ್ಚಿಂತೆಯಿಂದ ಹೋಗು."

ಅವಳು ಕಾಲು ಮುಟ್ಟಿ ನಮಸ್ಕರಿಸಿ, ಸಾಲಿನ ಕೊನೆಯಲ್ಲಿದ್ದ ಮುದಿ ಎತ್ತಿನ ಬಾಲ ಹಿಡಿದುಕೊಂಡು ಹೊರಟಳು.

ದ್ಯಾಮಣ್ಣ ಒಳಗೆ ಬಂದು ಕೂತ. ಎತ್ತುಗಳ ಕೊರಳ ಗಂಟೆ ದೂರವಾಗುತ್ತ ಹೋಯಿತು. ಅವನು ತನ್ನ ಮಾತನ್ನು ಇನ್ನೊಂದು ಸಲ ಮೆಲ್ಲಗೆ ಹೇಳಿಕೊಂಡ. ಚೆನ್ನಾಗಿತ್ತು.

ಆಗ ಬಾಗಿಲಿನ ಗೋಣಿತಾಟು ನೆಟ್ಟಗೆ ಇಳಿಬಿತ್ತು.

ಆಷಾಢದ ಮೊದಲ ದಿನದಿಂದ ಅದು ಒಳಕ್ಕೆ ಉಬ್ಬಿಕೊಂಡೇ ಇತ್ತು. ಅದು ನೆಟ್ಟಗೆ ನೇತಾಡುವುದನ್ನು ಅವನು ನೋಡಿ ಎಷ್ಟೋ ದಿನವಾಗಿತ್ತು. ಏನೋ ಬದಲಾಯಿತು ಎನಿಸಿತು, ಏನೆಂದು ಹೊಳೆಯಲಿಲ್ಲ. ಒಲೆಯ ಹೊಗೆ ದಾರ ಎಳೆದ ಹಾಗೆ ಮೇಲಕ್ಕೆ ಎದ್ದಿತು. ಕಲ್ಲುಸಂದಿಯ ಸಿಳ್ಳೆ ಇಲ್ಲ. ತನ್ನ ಉಸಿರು ತನಗೇ ಜೋರಾಗಿ ಕೇಳಿಸಿತು. ಅವನ ಬಾಯಿ ತಾನಾಗಿ ಎಣಿಸತೊಡಗಿತ್ತು. ಮೂರು. ನಾಲ್ಕು. ಐದಕ್ಕೆ ಗಂಟೆಗಳು ಕೇಳಿಸಿದವು. ಒಂದರ ಹಿಂದೆ ಒಂದಲ್ಲ, ಒಟ್ಟಿಗೆ. ಇರಬೇಕಾದ ಜಾಗದಲ್ಲಿ ಅಲ್ಲ, ಅದಕ್ಕಿಂತ ಬಹಳ ಕೆಳಗೆ. ಏಳಕ್ಕೆ ಅವೂ ಇಲ್ಲ. ಒಂಬತ್ತಕ್ಕೆ ಗೋಣಿತಾಟು ಮತ್ತೆ ಮೆಲ್ಲಗೆ ಉಬ್ಬಿತು.

ಅವನು ಹೇಗೆ ಓಡಿದನೋ ಅವನಿಗೇ ಗೊತ್ತಿಲ್ಲ. ಕಾಲು ಓಡಿದರೆ ಬಾಯಿ ಎಣಿಸುತ್ತಿತ್ತು. ನೂರು ಎಂದಾಗ ಕಲ್ಲು ಬಂತು, ದಾಟಿದ. ಮುಂದೆ ದಾರಿ ಖಾಲಿ. ಹನ್ನೊಂದು ಎತ್ತು, ಏಳು ಗಂಡಸರು ನಡೆದ ದಾರಿಯ ಮೇಲೆ ಒಂದು ಚೂರು ಬೆಲ್ಲವೂ ಬಿದ್ದಿರಲಿಲ್ಲ. ಗಾಳಿ ಮಾತ್ರ ಅವನ ಮೈಯನ್ನು ಹಿಡಿದುಕೊಂಡಿತ್ತು, ಅವನೇ ಹೇಳಿದ್ದನಲ್ಲ, ತೋಳು ಚಾಚಿ. "ತಂಗೀ! ತಂಗೀ!" ಎಂದು ಕೂಗಿದ. ದನಿ ಬಾಯಿಂದ ಹೊರಗೆ ಹೋಗಲೇ ಇಲ್ಲ.

ಇನ್ನೂ ಮುಂದಕ್ಕೆ ಒಂದು ತಿರುವಿನಲ್ಲಿ ಆ ಮುದಿ ಎತ್ತು ಮಲಗಿತ್ತು. ವಯಸ್ಸಾದ ಪಶುವಿಗೆ ಏನು ಗೊತ್ತಾಯಿತೋ, ಗಾಳಿ ನಿಲ್ಲುವುದಕ್ಕೆ ಮೊದಲೇ ದಾರಿಯ ನಡುವೆ ಕಾಲು ಮಡಿಸಿ ಕೂತುಬಿಟ್ಟಿತ್ತು. ಅದರ ಬಾಲ ಹಿಡಿದವಳೂ ಅದರ ಜೊತೆಗೇ ಕೂತಿದ್ದಳು. ಈಗ ಅದರ ಕೊರಳು ತಬ್ಬಿಕೊಂಡು, ಕಣ್ಣು ಬಿಟ್ಟುಕೊಂಡು, ತಂಗೆವ್ವ ಕಮರಿಯ ಕಡೆ ನೋಡುತ್ತಿದ್ದಳು.

ದ್ಯಾಮಣ್ಣ ಅವಳ ಮುಂದೆ ಕುಸಿದ. ಹೆಣ್ಣುಮಗು ಬದುಕಿದೆ ಎಂಬ ಸಂತೋಷಕ್ಕೆ ಬಾಯಿ ತೆರೆದ. ಅಷ್ಟು ಮಾತು ಕೂಡಿಸಿದ ಬಾಯಲ್ಲಿ ಒಂದೂ ಸಿಗಲಿಲ್ಲ.

ಮಗಳೇ ಮಾತಾಡಿದಳು. ಅಳಲಿಲ್ಲ, ಬೈಯಲಿಲ್ಲ.

"ಗೂಡಿನಲ್ಲಿ ಜೇಡ ಬಲೆ ಕಟ್ಟಿತ್ತಪ್ಪಾ. ದಾಟುವಾಗ ಕೈ ಹಾಕಿ ನೋಡಿದೆ. ಮುಂದಿದ್ದವರನ್ನು ಕೂಗಿ ಕರೆದೆ. ಅವರು ನಿನ್ನ ಮಾತನ್ನೇ ಹಾಡಿಕೊಂಡು ಹೋಗುತ್ತಿದ್ದರು, ನನ್ನ ದನಿ ಕೇಳಿಸಲಿಲ್ಲ. ನಾನಾದರೂ ಹಿಂದಿರುಗಬೇಕಿತ್ತು. ನೀನು ಬಂದೆ ಅಂದಿದ್ದೆಯಲ್ಲ, ಬಲೆಯನ್ನು ಬಿಟ್ಟು ನಿನ್ನನ್ನು ನಂಬಿದೆ."

ಅಷ್ಟು ಹೇಳಿ ಎದ್ದಳು. ಎತ್ತನ್ನು ಎಬ್ಬಿಸಿ, ಅದರ ಮಗ್ಗುಲಿಗೆ ಬಗ್ಗಿ ಹೆಜ್ಜೆ ಹಾಕುತ್ತ ಗಂಡನ ಊರಿನ ಕಡೆ ಹೋದಳು. ಹಿಂದಿರುಗಿ ನೋಡಲಿಲ್ಲ. ಆಮೇಲೆ ಯಾವ ಆಷಾಢಕ್ಕೂ ತವರಿಗೆ ಬರಲಿಲ್ಲ.

ದ್ಯಾಮಣ್ಣ ಇನ್ನೂ ಹದಿನೆಂಟು ವರ್ಷ ಬದುಕಿದ. ದಿನವೂ ಬೆಳಿಗ್ಗೆ ನೂರು ಹೆಜ್ಜೆ ಹೋಗಿ ಬರುತ್ತಿದ್ದ. ಬಂದು ಕೈ ಎತ್ತಿದರೆ ಹೋಗಿ ಎಂದರ್ಥ, ನೆಲದ ಮೇಲೆ ಕೈ ಊರಿದರೆ ಕೂತಿರಿ ಎಂದರ್ಥ. ಸಾಯುವ ತನಕ ಅವನ ಬಾಯಿಂದ ಒಂದು ಮಾತು ಕೇಳಿದವರಿಲ್ಲ. ಜನ ಮಾತ್ರ ಒಂದು ಹೇಳುತ್ತಾರೆ. ಗಾಳಿ ಉಸಿರು ಹಿಡಿದ ದಿನ, ಹುಲ್ಲು ಕೂಡ ಅಲ್ಲಾಡದ ಆ ಒಂಬತ್ತು ಎಣಿಕೆಯ ಹೊತ್ತಿನಲ್ಲಿ ಕಲ್ಲಿನ ಹತ್ತಿರ ಕೂತರೆ ಕಮರಿಯಿಂದ ಗಂಟೆಗಳು ಕೇಳುತ್ತವಂತೆ. ಅವುಗಳ ಜೊತೆ ಏಳು ಗಂಡು ದನಿಗಳು, ನಗುನಗುತ್ತ, ಒಂದೇ ಮಾತನ್ನು ಹೇಳಿಕೊಳ್ಳುತ್ತವಂತೆ. ತೋಳು ಚಾಚಿದ ಗಾಳಿ. ಒರಗಿದವರನ್ನು ಕೈಬಿಡುವುದಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಸೋಮಲಿಂಗ ತನ್ನ ಓಲೆಗಳನ್ನು ಒಂದೊಂದಾಗಿ ತಿರುವಿ ನೋಡಿದ. ಆಮೇಲೆ ಕೇಳಿದ. "ಗುರುಗಳೇ, ಹಾಗಾದರೆ ನಿಲ್ಲುವ ಗಾಳಿಗೆ ಇರುವ ಮಾತು ಯಾವುದು? ನನ್ನ ಪಟ್ಟಿಯಲ್ಲಿ ಅದೊಂದು ಇಲ್ಲ."

ಗುರುಗಳು ಎದ್ದು ಹೋಗಿ ಕಿಟಕಿಯ ಅಗುಳಿ ತೆಗೆದರು. ಕದ ಸದ್ದಿಲ್ಲದೆ ತೆರೆದುಕೊಂಡಿತು. ಅಂಗಳದ ಬೇವಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ನಾನು ಕತೆ ಶುರು ಮಾಡಿದಾಗ ಈ ಕದ ಬಡಿದುಕೊಳ್ಳುತ್ತಿತ್ತು ಮಗೂ, ಅದು ಯಾವಾಗ ನಿಂತಿತು, ಹೇಳು."